ಹುಡುಗನಿಗೆ ಏನು ಕೊಡೋಣ?

ಕಳೆದ ತಿಂಗಳು ಒಂದು ಸಂಜೆ ಅಡಿಕೆ ಮಂಡಿಯ ಹಮಾಲಿ ಮಿತ್ರರೊಬ್ಬರು ನಮ್ಮ ಕಚೇರಿಗೆ ಬಂದರು. ಕೂಲಿ ದರದ ತಕರಾರೋ, ಮೇಸ್ತ್ರಿಯ ಕಿರುಕುಳವೋ ಇರಬೇಕೆಂದು ನಾವು ಕಾಗದ, ಪೆನ್ನು ಮುಂದಿಟ್ಟುಕೊಂಡೆವು. ಅವರು ಬೆಂಚಿನ ತುದಿಯಲ್ಲಿ ಕುಳಿತರು. ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡರು. ಆಮೇಲೆ, “ಏನಿಲ್ಲ ಸಾರ್, ಹುಡುಗನ ಹುಟ್ಟಿದಬ್ಬ ಬಂತು. ಹದಿನೈದು ತುಂಬ್ತದೆ. ಏನು ಕೊಡಿಸ್ಲಿ ಅಂತ ನಿಮ್ಮನ್ನೇ ಕೇಳಣ ಅಂತ ಬಂದೆ” ಎಂದರು.

ನಮಗೆ ಒಳಗೇ ನಗು ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಓದುಗರಿಗೂ ಈಗ ಬಂದಿರಬಹುದು. ಭೂಮಿ, ಕೂಲಿ, ಪಡಿತರದ ಮಾತು ಬರಬೇಕಾದ ಈ ಪುಟದಲ್ಲಿ ಹುಡುಗನ ಹುಟ್ಟುಹಬ್ಬದ ಉಡುಗೊರೆಯ ಮಾತೇಕೆ ಎಂದು ಕೆಲವರಾದರೂ ಕೇಳಿಯಾರು. ಆದರೆ ಆ ಮಿತ್ರರು ಮುಂದೆ ಹೇಳಿದ್ದನ್ನು ಕೇಳಿದ ಮೇಲೆ ನಮ್ಮ ನಗು ಹಾರಿಹೋಯಿತು. ಹೆಂಡತಿ ಸ್ತ್ರೀಯರ ಗುಂಪಿನಲ್ಲಿದ್ದಾರೆ. ಕಂಪನಿಯವರು ಅವರ ಹೆಸರಿಗೆ ನಲವತ್ತು ಸಾವಿರ ಸಾಲ ಕೊಡಲು ಸಿದ್ಧರಿದ್ದಾರೆ. ಆ ಹಣದಲ್ಲಿ ಹಳೆಯದೊಂದು ಬೈಕು ಕೊಡಿಸುವುದೋ, ಇಲ್ಲವೆ ಒಳ್ಳೆಯ ಮೊಬೈಲ್ ಫೋನು ಕೊಡಿಸಿ ಉಳಿದದ್ದರಲ್ಲಿ ನಾಲ್ಕು ಜನಕ್ಕೆ ಊಟ ಹಾಕುವುದೋ, ಇದು ಅವರ ಪ್ರಶ್ನೆ. ಸಾಲ ತರುವುದು ನಿಶ್ಚಯವಾಗಿತ್ತು. ವಸ್ತು ಯಾವುದೆಂಬುದಷ್ಟೇ ಉಳಿದಿತ್ತು.

“ಹುಡುಗ ಏನು ಕೇಳಿದ?” ಎಂದೆವು.

“ಅವನು ಬಾಯಿಬಿಟ್ಟು ಏನೂ ಕೇಳಿಲ್ಲ ಸಾರ್. ಅದೇ ಕಷ್ಟ.”

“ನಿಮ್ಮ ಹುಟ್ಟಿದ ದಿನ ಯಾವತ್ತು?” ಎಂದು ಸುಮ್ಮನೆ ಕೇಳಿದೆವು. ಅವರು ನಕ್ಕು, “ಜೂನ್ ಒಂದು” ಎಂದರು. ನಾವೂ ನಕ್ಕೆವು. ನಮ್ಮ ಕಚೇರಿಯಲ್ಲಿ ಅಚ್ಚು ಜೋಡಿಸುವವರಿಂದ ಹಿಡಿದು ಚಂದಾ ವಸೂಲು ಮಾಡುವವರ ತನಕ ಮೂವರು ಜೂನ್ ಒಂದರಂದೇ ಹುಟ್ಟಿದವರು. ಕಾರಣ ಓದುಗರು ಬಲ್ಲರು. ಹಿಂದೆ ಹಳ್ಳಿಯ ಶಾಲೆಗೆ ಮಗುವನ್ನು ಸೇರಿಸಲು ಹೋದಾಗ, “ಯಾವಾಗ ಹುಟ್ಟಿದ್ದು?” ಎಂದು ಮೇಷ್ಟ್ರು ಕೇಳುತ್ತಿದ್ದರು. “ಆ ದೊಡ್ಡ ಮಳೆ ಬಂದು ಕೆರೆ ಒಡೆಯಿತಲ್ಲ, ಆ ವರ್ಷ” ಎಂದು ತಾಯಿ ಹೇಳುತ್ತಿದ್ದಳು. ಶಾಲೆ ತೆರೆಯುವ ಕಾಲಕ್ಕೆ ವಯಸ್ಸು ಸರಿಹೋಗುವಂತೆ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಕರ್ನಾಟಕದಲ್ಲಿ ಹೀಗೆ ಒಂದೇ ದಿನ ಹುಟ್ಟಿದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಈಗಿನ ಮಕ್ಕಳದು ಹಾಗಲ್ಲ. ಈ ಹುಡುಗ ಹುಟ್ಟಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಗಂಟೆ, ನಿಮಿಷ ಸಹಿತ ದಾಖಲೆ ಇದೆ. ಅಪ್ಪನ ತಾರೀಖು ಮೇಷ್ಟ್ರು ಕೊಟ್ಟದ್ದು, ಮಗನದು ಅವನ ಸ್ವಂತದ್ದು. ಹದಿನೈದನೆಯ ವಯಸ್ಸಿಗೆ ಅಪ್ಪ ಮಂಡಿಯಲ್ಲಿ ಮೂಟೆ ಹೊರಲು ಆರಂಭಿಸಿದ್ದರು. ಆ ವರ್ಷದ ಜೂನ್ ಒಂದರಂದು ಅವರಿಗೆ ಯಾರೂ ಏನನ್ನೂ ಕೊಡಲಿಲ್ಲ. ಮಗನಿಗೆ ಕೊಡಬೇಕೆಂಬ ಆಸೆ ಎಷ್ಟು ಆಳದಿಂದ ಬಂದಿದೆ ಎಂಬುದು ಆಗ ನಮಗೆ ತಿಳಿಯಿತು. ಅದನ್ನು ದುಂದು ಎಂದೋ, ಷೋಕಿ ಎಂದೋ ತಳ್ಳಿಹಾಕುವ ಧೈರ್ಯ ನಮಗಿಲ್ಲ.

ನಮ್ಮ ಜನರಲ್ಲಿ ಕೊಡುವ ಸಂಪ್ರದಾಯಕ್ಕೆ ಬರವಿಲ್ಲ. ಕೂಸಿಗೆ ತೊಟ್ಟಿಲು, ಹೆಸರಿಡುವಾಗ ಉಡುದಾರ, ಮದುವೆಗೆ ಮುಯ್ಯಿ ಎಲ್ಲವೂ ಇವೆ. ಯಾರು ಎಷ್ಟು ಮುಯ್ಯಿ ಹಾಕಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟಕ್ಕೆ ಕಡಿಮೆಯಾಗದಂತೆ ತೀರಿಸುವ ಗೌರವವೂ ಇದೆ. ಹುಡುಗಿ ದೊಡ್ಡವಳಾದರೆ ಆರತಿ ಎತ್ತಿ, ಸೋದರಮಾವ ಸೀರೆ ಕೊಡುತ್ತಾನೆ. ಅದರ ಸರಿತಪ್ಪು ಬೇರೆ ಮಾತು. ಆದರೆ ಮೀಸೆ ಚಿಗುರುವ ಗಂಡುಹುಡುಗನಿಗೆ ನಮ್ಮಲ್ಲಿ ಏನೂ ಇಲ್ಲ. ದನಿ ಒಡೆಯಿತೆಂದು ಮನೆಯವರು ನಗುತ್ತಾರೆ, “ಕತ್ತೆಯಷ್ಟು ಬೆಳೆದಿದ್ದಾನೆ” ಎಂದು ಬೈಯುತ್ತಾರೆ, ಅಷ್ಟೆ. ಕೆಲವು ಮನೆಗಳಲ್ಲಿ ವರ್ಧಂತಿ ಎಂದು ಎಣ್ಣೆಸ್ನಾನ, ಪಾಯಸ ಉಂಟು; ಬಹುಪಾಲು ದುಡಿಯುವವರ ಮನೆಗಳಲ್ಲಿ ಅದೂ ಇರಲಿಲ್ಲ. ಸಂಪ್ರದಾಯ ಹೀಗೆ ಖಾಲಿ ಬಿಟ್ಟ ಜಾಗಕ್ಕೆ ಈಗ ಅಂಗಡಿ ಬಂದು ಕುಳಿತಿದೆ. ಹದಿನೈದರ ಹುಡುಗನಿಗೆ ಏನು ಬೇಕೆಂಬುದನ್ನು ಅಜ್ಜಿಯೂ ಹೇಳುವುದಿಲ್ಲ, ಅಪ್ಪನೂ ಹೇಳುವುದಿಲ್ಲ, ಜಾಹೀರಾತು ಹೇಳುತ್ತದೆ.

ನಮ್ಮ ಊರಿನ ವೃತ್ತಗಳಲ್ಲಿ ನಿಂತು ನೋಡಿ. ಯಾರೋ ಗುತ್ತಿಗೆದಾರರ ಮಗ, ಇನ್ನೂ ಹತ್ತನೆಯ ತರಗತಿ ಮುಗಿಸಿಲ್ಲ, ಕಪ್ಪು ಕನ್ನಡಕ ಹಾಕಿಕೊಂಡು ಆಳೆತ್ತರದ ಫ್ಲೆಕ್ಸಿನಲ್ಲಿ ಕೈಮುಗಿಯುತ್ತಿರುತ್ತಾನೆ. ಕೆಳಗೆ ಶುಭ ಕೋರುವ ಇಪ್ಪತ್ತು ಮುಖಗಳು. ನಡುರಾತ್ರಿ ಪಟಾಕಿ. ನಡುರಸ್ತೆಯಲ್ಲಿ ಕೇಕನ್ನು ತಲವಾರಿನಿಂದ ಕತ್ತರಿಸಿ ಪೊಲೀಸರಿಂದ ಕೇಸು ಹಾಕಿಸಿಕೊಂಡವರೂ ಈ ನಾಡಿನಲ್ಲಿ ಉಂಟು. ನಮ್ಮ ಹಮಾಲಿ ಮಿತ್ರರು ಆ ಫ್ಲೆಕ್ಸಿನ ಕೆಳಗೇ ಪ್ರತಿದಿನ ಹಾದುಹೋಗುವವರು. ಮಗನೂ ಹಾದುಹೋಗುತ್ತಾನೆ, ಅವನ ಮನಸ್ಸಿನಲ್ಲಿ ಏನಾಗುತ್ತಿದೆಯೋ ಎಂಬ ಅಂಜಿಕೆ ಅವರಿಗೆ. ನಲವತ್ತು ಸಾವಿರದ ಸಾಲಕ್ಕೆ ಅವರನ್ನು ನೂಕುತ್ತಿದ್ದದ್ದು ಈ ಅಂಜಿಕೆಯೇ.

ಬೈಕಿನ ಮಾತನ್ನು ನಾವು ಬೇಗ ಮುಗಿಸಿದೆವು. ಹದಿನೆಂಟು ತುಂಬದೆ ಅದಕ್ಕೆ ಪರವಾನಗಿ ಇಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನವನು ವಾಹನ ಓಡಿಸಿ ಅಪರಾಧವಾದರೆ ಪೋಷಕನನ್ನೋ ಮಾಲೀಕನನ್ನೋ ಅಪರಾಧಿಯೆಂದು ಎಣಿಸುತ್ತಾರೆ: 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವ ತನಕ ಪರವಾನಗಿ ಇಲ್ಲ. ಗುತ್ತಿಗೆದಾರರ ಮಗ ಸಿಕ್ಕಿಬಿದ್ದರೆ ಎಲ್ಲಿಂದಲೋ ಫೋನು ಬರುತ್ತದೆ. ಹಮಾಲಿಯ ಮಗನಿಗಾಗಿ ಯಾರು ಫೋನು ಮಾಡುತ್ತಾರೆ? “ದಂಡ ಇರಲಿ ಸಾರ್, ಕೈಕಾಲು ಮುರ್ಕೊಂಡ್ರೆ?” ಎಂದು ಅವರೇ ಅಂದರು. ಬೈಕು ಅಲ್ಲಿಗೆ ಹೋಯಿತು.

ಫೋನಿನ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಅದನ್ನು ಪಿಶಾಚಿಯೆಂದು ಬೈಯುವ ಹಿರಿಯರ ಗುಂಪಿಗೆ ನಾವು ಸೇರಿದವರಲ್ಲ. ಶಾಲೆಯ ಸೂಚನೆ ಬರುವುದು ಅದರಲ್ಲಿ. ವಿದ್ಯಾರ್ಥಿವೇತನದ ಅರ್ಜಿ ಅದರಲ್ಲಿ. ಕೋವಿಡ್ ಕಾಲದಲ್ಲಿ ಫೋನಿಲ್ಲದ ಮನೆಯ ಮಕ್ಕಳು ಪಾಠದಿಂದಲೇ ಹೊರಗುಳಿದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಆದರೆ ಅವರ ಮನೆಯಲ್ಲಿ ಫೋನು ಒಂದಿದೆ, ಎಲ್ಲರೂ ಬಳಸುತ್ತಾರೆ. ಹುಡುಗನಿಗೇ ಬೇರೆಯದನ್ನು ಕೊಡುವುದೆಂದರೆ, ರಾತ್ರಿ ಹೊದಿಕೆಯೊಳಗೂ ಅವನ ಜೊತೆಗಿರುವ ಒಂದು ಅಂಗಡಿಯನ್ನು ಕೊಟ್ಟಂತೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಎಷ್ಟು ಮನೆಗಳನ್ನು ನುಂಗಿದವೆಂದರೆ, 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅವುಗಳನ್ನು ನಿಷೇಧಿಸುವ ಕಾಯಿದೆ ಮಾಡಬೇಕಾಯಿತು. ಅಲ್ಲಿಯ ತನಕ ಅವುಗಳ ಜಾಹೀರಾತಿನಲ್ಲಿ ಕ್ರಿಕೆಟ್ ವೀರರೂ ಸಿನಿಮಾ ನಟರೂ ಕುಣಿದರೆಂಬುದು ಬೇರೆ ಮಾತು.

ಸಾಲದ ಬಗ್ಗೆ ಮಾತ್ರ ನಾವು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆವು. ಇಂಥ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಹಾಕಿದೆ. ವರ್ಷಕ್ಕೆ 3 ಲಕ್ಷ ರೂಪಾಯಿಯೊಳಗೆ ವರಮಾನವಿರುವ ಮನೆಗೆ ಅಡವಿಲ್ಲದೆ ಕೊಡುವ ಸಾಲ ಇದು. ಆ ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಕೂಡದು. ಅರ್ಧ! ಹೊಟ್ಟೆಗೆ, ಬಾಡಿಗೆಗೆ, ಔಷಧಿಗೆ ಉಳಿದರ್ಧ ಸಾಕೆಂದು ಲೆಕ್ಕ ಹಾಕಿದ ಮಹಾಶಯರು ಯಾರೋ ತಿಳಿಯದು. ಆ ಮಿತಿಯನ್ನೂ ದಾಟಿ ಸಾಲ ಹಂಚಿ, ವಸೂಲಿಗೆ ಮನೆಬಾಗಿಲಲ್ಲಿ ಕೂತು, ಹೆಂಗಸರನ್ನು ನೆರೆಹೊರೆಯವರ ಮುಂದೆ ಹಂಗಿಸಿದ್ದರ ಫಲವಾಗಿ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಹುಟ್ಟುಹಬ್ಬ ಒಂದು ದಿನ, ಕಂತು ಎರಡು ವರ್ಷ. ಸಾಲ ಇರುವುದು ಹೆಂಡತಿಯ ಹೆಸರಿನಲ್ಲಿ. ಕೇಕು ತಿನ್ನುವವರಲ್ಲಿ ಕೊನೆಯವಳೂ ಅವಳೇ ಆಗಿರುತ್ತಾಳೆ.

ಮಿತ್ರರು ಎಲ್ಲಕ್ಕೂ ತಲೆದೂಗಿದರು. ಆಮೇಲೆ ಮೆಲ್ಲಗೆ, “ಹಂಗಾದ್ರೆ ಏನು ಕೊಡ್ಲಿ, ಅದನ್ನ ಹೇಳಿ” ಎಂದರು.

ಬೇಡ ಎನ್ನುವುದಕ್ಕೆ ಪತ್ರಿಕೆಯವರಿಗೆ ಯಾವಾಗಲೂ ಬಾಯಿ ಜೋರು. ಏನು ಬೇಕೆಂದು ಹೇಳುವಾಗ ತಡವರಿಸುತ್ತೇವೆ. ಆದರೂ ಹೇಳಿದೆವು. ಸೈಕಲ್ಲು ಕೊಡಿಸಿ ಎಂದೆವು. 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ಲು ಹಂಚಲು ತೊಡಗಿದಾಗ, ಹಳ್ಳಿಯ ಹುಡುಗಿಯರು ಸಾಲುಸಾಲಾಗಿ ಪ್ರೌಢಶಾಲೆಗೆ ಬಂದದ್ದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಕೋವಿಡ್ ವರ್ಷಗಳಲ್ಲಿ ಅದು ನಿಂತುಹೋಯಿತು. ಬಳಸಿದ ಸೈಕಲ್ಲಾದರೆ ಎರಡು ಮೂರು ಸಾವಿರದೊಳಗೆ ಸಿಕ್ಕೀತು. ಪಂಕ್ಚರ್ ಹಾಕುವುದನ್ನು, ಚೈನು ಕೂರಿಸುವುದನ್ನು ಹುಡುಗ ಕಲಿತಾನು. ಅದೂ ಬೇಡವಾದರೆ ಪುಸ್ತಕ ಎಂದೆವು. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದ ನಾಡು ನಮ್ಮದು. ತೇಜಸ್ವಿಯವರ ‘ಕರ್ವಾಲೊ’ ಇದೆ, 1980ರದು. ಊರಿನವರು ಕೆಲಸಕ್ಕೆ ಬಾರದವನೆಂದು ಬಗೆದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುವ ಕಥೆ ಅದು. ಹದಿನೈದರ ಹುಡುಗ ಓದಿದರೆ ಬಿಡುವುದಿಲ್ಲ. ಪುಸ್ತಕ ಕೊಳ್ಳಲಾಗದಿದ್ದರೆ ನಗರದ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಮಾಡಿಸಿ. ಮನೆ ಕಂದಾಯದ ಜೊತೆಗೆ ಗ್ರಂಥಾಲಯದ ಕರವನ್ನೂ ಜನ ಕಟ್ಟುತ್ತಿದ್ದಾರೆ, ಅದು ನಮ್ಮದೇ ಹಣ.

ಪುಸ್ತಕದ ಮಾತು ಬಂದಾಗ ನಾವು ಅಂಬೇಡ್ಕರರ ಕಥೆ ಹೇಳಿದೆವು. ಈ ಕಥೆ ನಮಗೇ ತಿರುಗುಬಾಣವಾಯಿತು. ಆದ್ದರಿಂದ ಓದುಗರಿಗೂ ಹೇಳುವುದು ನ್ಯಾಯ.

ಮುಂಬಯಿಯಲ್ಲಿ ಭೀಮರಾವ್ ಶಾಲೆಯ ಹುಡುಗನಾಗಿದ್ದಾಗ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದ. ಅವನ ಸಮುದಾಯದಲ್ಲಿ ಅದು ಅಪರೂಪದ ಸಂಗತಿ. ಜನ ಸೇರಿ ಸಭೆ ಮಾಡಿದರು. ಅಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮರಾಠಿ ಲೇಖಕರು, ತಾವೇ ಬರೆದ ಬುದ್ಧನ ಚರಿತ್ರೆಯ ಒಂದು ಪ್ರತಿಯನ್ನು ಹುಡುಗನ ಕೈಗೆ ಕೊಟ್ಟರು. ಆ ಪುಸ್ತಕ ತನ್ನ ಮೇಲೆ ಎಷ್ಟು ಪರಿಣಾಮ ಮಾಡಿತೆಂಬುದನ್ನು ಅಂಬೇಡ್ಕರರೇ ಮುಂದೆ ಬರೆದಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಅವರು ಬೌದ್ಧ ಧರ್ಮ ಸ್ವೀಕರಿಸಿದರು. ಬಾಲಕನೊಬ್ಬನಿಗೆ ಕೊಟ್ಟ ಉಡುಗೊರೆ ಇಷ್ಟು ದೂರ ನಡೆದದ್ದು ನಮಗೆ ತಿಳಿದಂತೆ ಇನ್ನೊಂದಿಲ್ಲ.

ಮಿತ್ರರು ಗಮನವಿಟ್ಟು ಕೇಳಿದರು. “ಅವರ ಅಪ್ಪ ಏನು ಕೊಟ್ರು ಸಾರ್?” ಎಂದರು.

ಅದೂ ಗೊತ್ತಿತ್ತು, ಹೇಳಬೇಕಾಯಿತು. ತಂದೆ ರಾಮಜಿ ಸೈನ್ಯದಿಂದ ನಿವೃತ್ತರಾದವರು, ಕೈಯಲ್ಲಿ ಹಣವಿರಲಿಲ್ಲ. ಮಗ ಪುಸ್ತಕ ಬೇಕೆಂದಾಗ ಮದುವೆಯಾದ ಹೆಣ್ಣುಮಕ್ಕಳ ಬಳಿಗೆ ಹೋಗಿ ಸಾಲ ಕೇಳುತ್ತಿದ್ದರು. ಅವರಲ್ಲಿ ಹಣವಿಲ್ಲದಿದ್ದರೆ ಅವರ ಒಡವೆಯನ್ನು ತಂದು ಅಡವಿಟ್ಟು, ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರು.

“ಅವರೂ ಸಾಲಾನೇ ಮಾಡಿದ್ರು, ಅಲ್ವಾ” ಎಂದರು ಮಿತ್ರರು. ಅದರಲ್ಲಿ ವ್ಯಂಗ್ಯವಿರಲಿಲ್ಲ.

ನಾವು ಸುಮ್ಮನಾದೆವು. ಸಾಲ ಮಾಡಿ ಉಡುಗೊರೆ ಕೊಡುವುದು ಮೂರ್ಖತನವೆಂದು ಹತ್ತು ನಿಮಿಷದ ಕೆಳಗೆ ಉಪನ್ಯಾಸ ಕೊಟ್ಟವರು ನಾವೇ. ರಾಮಜಿಯ ಸಾಲಕ್ಕೂ ಈ ಸಾಲಕ್ಕೂ ಇರುವ ಅಂತರ ಬಡ್ಡಿಯಲ್ಲಿ ಮಾತ್ರ ಇಲ್ಲವೆಂಬುದು ಆಗ ಹೊಳೆಯಿತು. ಆ ಹುಡುಗ ಇಂಥ ಪುಸ್ತಕ ಬೇಕೆಂದು ಕೇಳಿದ್ದ. ತಂದೆ ದಿನವೂ ಅವನ ಓದನ್ನು ನೋಡುತ್ತಿದ್ದ. ಕೇಳುಸ್ಕರರೂ ಅಷ್ಟೆ. ಶಾಲೆ ಬಿಟ್ಟ ಮೇಲೆ ಉದ್ಯಾನವೊಂದರಲ್ಲಿ ಕುಳಿತು ಓದುತ್ತಿದ್ದ ಹುಡುಗನನ್ನು ಗಮನಿಸಿ, ಯಾರು ನೀನು ಎಂದು ವಿಚಾರಿಸಿ, ಅವನ ರುಚಿಯನ್ನು ಅರಿತವರು. ಬೇರೆ ಹುಡುಗನಿಗೆ ಅದೇ ಪುಸ್ತಕ ಕೊಟ್ಟಿದ್ದರೆ ಅದು ಅಟ್ಟದ ಮೇಲೆ ಗೆದ್ದಲಿಗೆ ಹೋಗುತ್ತಿತ್ತೋ ಏನೋ. ನಾವಾದರೋ ಎಂದೂ ಕಣ್ಣಿಂದ ನೋಡದ ಹುಡುಗನಿಗೆ ಸೈಕಲ್ಲು, ಕಾರಂತ, ತೇಜಸ್ವಿ ಎಂದು ಪಟ್ಟಿ ಓದುತ್ತಿದ್ದೆವು. ಅಂಗಡಿಯವನ ಜಾಹೀರಾತಿಗೂ ನಮ್ಮ ಪಟ್ಟಿಗೂ ಆ ಮಟ್ಟಿಗೆ ಹೆಚ್ಚಿನ ಭೇದವಿರಲಿಲ್ಲ.

“ನಿಮ್ಮ ಹುಡುಗನಿಗೆ ಯಾವುದರಲ್ಲಿ ಆಸೆ? ಶಾಲೆ ಬಿಟ್ಟ ಮೇಲೆ ಏನು ಮಾಡುತ್ತಾನೆ?” ಎಂದು ಕೇಳಿದೆವು. ಮೊದಲೇ ಕೇಳಬೇಕಾಗಿತ್ತು.

ಅವರು ಬಹಳ ಹೊತ್ತು ಯೋಚಿಸಿದರು. “ಗೊತ್ತಿಲ್ಲ ಸಾರ್” ಎಂದರು.

ಈ ಉತ್ತರಕ್ಕಾಗಿ ಅವರನ್ನು ದೂಷಿಸುವವರು ಅವರ ದಿನಚರಿಯನ್ನು ಕೇಳಬೇಕು. ಬೆಳಗ್ಗೆ ಆರಕ್ಕೆ ಮನೆ ಬಿಡುತ್ತಾರೆ. ಹುಡುಗ ಆಗ ಮನೆಯಲ್ಲಿರುವುದಿಲ್ಲ, ಎಲ್ಲಿಗೋ ಹೋಗಿರುತ್ತಾನೆ. ರಾತ್ರಿ ಲಾರಿ ತುಂಬಿಸಿ ಬರುವಾಗ ಒಂಬತ್ತು, ಹತ್ತು, ಹುಡುಗ ಮಲಗಿರುತ್ತಾನೆ. ಸುಗ್ಗಿಯ ಕಾಲದಲ್ಲಿ ಭಾನುವಾರವೂ ಇಲ್ಲ. ಕೂಲಿ ಮೂಟೆಯ ಲೆಕ್ಕ, ಹೊತ್ತಷ್ಟು ದುಡ್ಡು. ಕಾರ್ಖಾನೆಯವರ ಸ್ಥಿತಿ ಇದಕ್ಕಿಂತ ಬಹಳ ಮೇಲಾಗಿ ಉಳಿದಿಲ್ಲ. 2023ರಲ್ಲಿ ಕರ್ನಾಟಕದ ಶಾಸಕಾಂಗ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ವಾರದ ಒಟ್ಟು ಗಂಟೆ ಹೆಚ್ಚಲಿಲ್ಲವೆಂದು ವಿವರಣೆ ಬಂತು. ಮಗ ಎಚ್ಚರವಾಗಿರುವ ಹೊತ್ತಿನಲ್ಲಿ ಅಪ್ಪ ಮನೆಯಲ್ಲಿರುವ ಗಂಟೆ ಎಷ್ಟು ಎಂಬ ಲೆಕ್ಕವನ್ನು ಮಾತ್ರ ಯಾವ ಸದನದಲ್ಲಿಯೂ ಯಾರೂ ಮಂಡಿಸಲಿಲ್ಲ. ಮಗನನ್ನು ನೋಡುವ ಹೊತ್ತು ಕೈಗೆ ಸಿಗದವನು, ಆ ಕೊರತೆಯನ್ನು ವಸ್ತುವಿನಿಂದ ತುಂಬಲು ಹೋಗುತ್ತಾನೆ. ವಸ್ತು ದೊಡ್ಡದಾದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಸಾಲದ ಕಂಪನಿಗೆ ಇದು ಚೆನ್ನಾಗಿ ಗೊತ್ತು.

ಕೊನೆಗೆ ನಾವು ಹೇಳಿದ್ದಿಷ್ಟೆ: ಒಂದು ದಿನ ಕೂಲಿ ಬಿಟ್ಟು, ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ಮನೆಯ ಲೆಕ್ಕವನ್ನು ಅವನ ಮುಂದೆ ಬಿಚ್ಚಿಡಿ. ಇಷ್ಟು ಬರುತ್ತದೆ, ಇಷ್ಟು ಹೋಗುತ್ತದೆ, ಸಾಲ ತಂದರೆ ವಾರಕ್ಕೆ ಇಷ್ಟು ಕಟ್ಟಬೇಕು, ಸಾಲವಿಲ್ಲದೆ ಇಷ್ಟು ಹೊಂದಿಸಬಹುದು ಎಂದು ಹೇಳಿ ಅವನನ್ನೇ ಕೇಳಿ. ಹದಿನೈದರ ಹುಡುಗನಿಗೆ ಬಡ್ಡಿ ಲೆಕ್ಕ ಬರುತ್ತದೆ; ಶಾಲೆಯಲ್ಲಿ ಅದನ್ನೇ ಮಾಡಿಸುತ್ತಾರೆ. ಅವನು ಇನ್ನು ಮಗುವಲ್ಲವೆಂಬುದನ್ನು ನೀವು ಒಪ್ಪಿಕೊಂಡಿದ್ದೀರೆಂದು ಅವನಿಗೆ ತಿಳಿಯುತ್ತದೆ. ಅವರು ಅರೆಮನಸ್ಸಿನಿಂದ ಎದ್ದರು. ಒಂದು ದಿನದ ಕೂಲಿ ಬಿಡಬೇಕೆಂಬ ಮಾತು ಅವರಿಗೆ ರುಚಿಸಿರಲಿಲ್ಲ.

ಮೂರು ವಾರದ ಮೇಲೆ ಮತ್ತೆ ಬಂದರು. ಮೊದಲು ಹುಡುಗ ಮುಖ ಊದಿಸಿಕೊಂಡನಂತೆ. ಅಪ್ಪ ತನಗೆ ಬಡತನ ತೋರಿಸಿ ಬಾಯಿ ಮುಚ್ಚಿಸುತ್ತಿದ್ದಾನೆ ಎಂದುಕೊಂಡನೋ ಏನೋ. ಎರಡು ದಿನ ಮಾತಿಲ್ಲ. ಮೂರನೆಯ ದಿನ ತಾಯಿಯ ಮೂಲಕ ಹೇಳಿಕಳಿಸಿದ್ದು: ಓಟದ ಬೂಟು. ತಾಲ್ಲೂಕು ಕ್ರೀಡಾಕೂಟದಲ್ಲಿ ಅವನು 1500 ಮೀಟರ್ ಬರಿಗಾಲಲ್ಲಿ ಓಡಿ ಮೂರನೆಯವನಾಗಿ ಬಂದಿದ್ದ. ಜಲ್ಲಿಕಲ್ಲು ಚುಚ್ಚಿ ಅಂಗಾಲು ಒಡೆದಿತ್ತು. ಪಿ.ಟಿ. ಮೇಷ್ಟ್ರು, ಬೂಟಿದ್ದರೆ ಜಿಲ್ಲೆಗೆ ಹೋಗುತ್ತೀಯೆ ಎಂದಿದ್ದರು. ಅಪ್ಪನಿಗೆ ಇದಾವುದೂ ತಿಳಿದಿರಲಿಲ್ಲ. “ಬೆಳಗ್ಗೆ ಐದಕ್ಕೇ ಕೆರೆ ಏರಿ ಮೇಲೆ ಓಡಾಕೆ ಹೋಗ್ತಾನಲ್ಲ, ನಿಮಗೆ ಗೊತ್ತಿಲ್ವಾ?” ಎಂದು ಹೆಂಡತಿ ಕೇಳಿದರಂತೆ. ಆಕೆಗೆ ಮೊದಲಿಂದಲೂ ಗೊತ್ತಿತ್ತು. ಸಾಲಕ್ಕೆ ಹೆಬ್ಬೆಟ್ಟೋ ಸಹಿಯೋ ಹಾಕಲು ಆಕೆ ಬೇಕಾಗಿದ್ದರೇ ಹೊರತು, ಹುಡುಗನಿಗೆ ಏನು ಬೇಕೆಂದು ಆಕೆಯನ್ನು ಕೇಳುವುದು ಗಂಡನಿಗೂ ಹೊಳೆಯಲಿಲ್ಲ, ಉಪನ್ಯಾಸ ಕೊಟ್ಟ ನಮಗೂ ಹೊಳೆಯಲಿಲ್ಲ.

ಬೂಟಿಗೆ ಬಿದ್ದದ್ದು ಸಾವಿರದ ಚಿಲ್ಲರೆ. ಸಾಲ ತರಲಿಲ್ಲ. ಹನ್ನೊಂದು ವರ್ಷದ ತಂಗಿ ಈಗಲೇ ತನ್ನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದಾಳಂತೆ. ಅದಕ್ಕೆ ಏನು ಮಾಡಬೇಕೋ ಎಂದು ಮಿತ್ರರು ಮತ್ತೆ ನಮ್ಮ ಮುಖ ನೋಡಿದರು. ಈ ಸಲ ನಾವು ಏನೂ ಹೇಳಲಿಲ್ಲ. ಹುಡುಗನ ಕಾಲು ಇನ್ನೂ ಬೆಳೆಯುವುದೆಂದು ಒಂದು ನಂಬರು ದೊಡ್ಡ ಬೂಟನ್ನೇ ಕೊಂಡಿದ್ದಾರೆ. ಸದ್ಯಕ್ಕೆ ತುದಿಗೆ ಹತ್ತಿ ತುರುಕಿಕೊಂಡು ಓಡುತ್ತಿದ್ದಾನೆ.